ಅಟ್ಟದ ಮೇಲೆ ವಿಶ್ವವಿದ್ಯಾಲಯ

ನಮ್ಮ ಸೋದರತ್ತೆಯಷ್ಟು ತರಬೇತಿ ಪಡೆದವರು ಇಡೀ ತುರುವೇಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದರೆ ನೀವು ನಂಬಲೇಬೇಕು. ಸಂಶೋಧನೆ ಮಾಡುವುದು ಹೇಗೆ, ದತ್ತಾಂಶ ಜರಡಿ ಹಿಡಿಯುವುದು ಹೇಗೆ, ಮನಸ್ಸನ್ನು ನೆಮ್ಮದಿಯಾಗಿಟ್ಟುಕೊಳ್ಳುವುದು ಹೇಗೆ, ಎಲ್ಲವನ್ನೂ ಆಕೆ ಕಲಿತಿದ್ದಾಳೆ. ಅದೂ ಯಾರಿಂದ? ಸಾಕ್ಷಾತ್ ವಿಶ್ವವಿದ್ಯಾಲಯದ ಗ್ರಂಥಾಲಯದವರಿಂದ! ಎಷ್ಟನೇ ಕ್ಲಾಸು ಓದಿದ್ದಾಳೆ ಎಂದು ಮಾತ್ರ ಕೇಳಬೇಡಿ. ಬಸ್ಸಿನ ಬೋರ್ಡು ಓದುತ್ತಾಳೆ, ಬಸ್ಸು ನಿಂತಿದ್ದರೆ.

ಇದಕ್ಕೆಲ್ಲ ಕಾರಣ ನಾನು. ನನ್ನ ಜೊತೆಗೆ ನಮ್ಮೂರಿನ ನೆಟ್‌ವರ್ಕು. ನಾನು ತುರುವೇಕೆರೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಇರುವುದು ದಂಡಿನಶಿವರದ ಹತ್ತಿರ, ಇದೇ ಅತ್ತೆಯ ಮನೆಯಲ್ಲಿ. ನಾನು ಪಿಎಚ್.ಡಿ.ಗೆ ಹೆಸರು ಬರೆಸಿದಾಗ ನೆಟ್ಟ ತೆಂಗಿನ ಸಸಿಗಳು ಫಲಕ್ಕೆ ಬಂದವು, ನನ್ನ ಪ್ರಬಂಧ ಮಾತ್ರ ಇನ್ನೂ ಹೊಂಬಾಳೆ ಒಡೆದಿರಲಿಲ್ಲ. ವಿಶ್ವವಿದ್ಯಾಲಯದವರಿಗೂ ಸಾಕಾಗಿರಬೇಕು, ಕೊನೆಯ ಗಡುವು ಕೊಟ್ಟರು. ವರ್ಷದೊಳಗೆ ಪ್ರಬಂಧ ಒಪ್ಪಿಸಬೇಕು. ಅಲ್ಲಿಯವರೆಗೆ ಗ್ರಂಥಾಲಯದವರು ಶನಿವಾರ ಶನಿವಾರ ಆನ್‌ಲೈನಿನಲ್ಲಿ ನಡೆಸುವ ಕಾರ್ಯಾಗಾರಗಳಿಗೆ ತಪ್ಪದೆ ಹಾಜರಾಗಬೇಕು. ಒಂದು ತಪ್ಪಿದರೂ ಹೆಸರು ತೆಗೆದುಬಿಡುತ್ತಾರಂತೆ!

ಸರಿ, ಹಾಜರಾಗೋಣ. ಎಲ್ಲಿಂದ? ಅತ್ತೆಯ ಮನೆಯಲ್ಲಿ ಸಿಗ್ನಲ್ ಸಿಗುವುದು ಒಂದೇ ಕಡೆ, ಅಟ್ಟದ ಮೇಲೆ. ಅಟ್ಟವೆಂದರೆ ಕೊಬ್ಬರಿಯಾಗಲೆಂದು ಕಾಯಿ ರಾಶಿ ಹಾಕಿ ವರ್ಷ ಪೂರ್ತಿ ಒಣಗಲು ಬಿಡುವ ಜಾಗ. ಅಲ್ಲಿ ಅತ್ತೆಯ ಅಪ್ಪಣೆಯಿಲ್ಲದೆ ಇಲಿಯೂ ಓಡಾಡುವುದಿಲ್ಲ. "ಒಬ್ಳೇ ಹೋದ್ರೆ ರಾಶೀನೆಲ್ಲ ಉರುಳಿಸ್ಬುಡ್ತೀಯ, ತಡಿ ನಾನೂ ಬತ್ತೀನಿ" ಎಂದು ನನ್ನ ಹಿಂದೆಯೇ ಏಣಿ ಹತ್ತಿದಳು. ಹತ್ತಿದವಳು ಲ್ಯಾಪ್‌ಟಾಪಿನ ಮುಂದೆ ಚಕ್ಕಳಮಕ್ಕಳ ಹಾಕಿಕೊಂಡು ಕೂತೇಬಿಟ್ಟಳು.

ಕಾರ್ಯಾಗಾರ ನಡೆಸುವ ಲೈಬ್ರರಿ ಮೇಡಮ್ ನಗುಮುಖದವರು. ಮೊದಲ ದಿನ ನಮ್ಮ ಬೆನ್ನಿಗಿದ್ದ ಕಾಯಿ ರಾಶಿ ನೋಡಿ, "ನಿಮ್ಮ ಬ್ಯಾಕ್‌ಗ್ರೌಂಡ್ ತುಂಬ ಚೆನ್ನಾಗಿದೆ, ಎಲ್ಲಿಂದ ಡೌನ್‌ಲೋಡ್ ಮಾಡಿದ್ರಿ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕ್ಯಾಮೆರಾಕ್ಕೆ ಮುಖ ತೂರಿಸಿ, "ಎಲ್ಲಿಂದಾನೂ ತಂದಿಲ್ಲ ಕಣವ್ವ, ನಮ್ ತೋಟದ್ದೇಯ! ಇನ್ನೂ ಆಗಿಲ್ಲ ನೋಡು" ಎಂದವಳೇ ಒಂದು ಕಾಯಿ ಎತ್ತಿ ಮೈಕಿನ ಹತ್ತಿರ ಕುಲುಕಿದಳು. "ಕೇಳುಸ್ತಾ? ಇನ್ನೂ ನೀರೈತೆ!" ನಾಡಿನ ಮೂಲೆಮೂಲೆಯ ಸಂಶೋಧಕರೆಲ್ಲ ಕಿವಿಗೊಟ್ಟು ಆ ನೀರಿನ ಸದ್ದು ಕೇಳಿದರು. ಒಬ್ಬರು ಅದನ್ನು ಬರೆದುಕೊಂಡದ್ದನ್ನೂ ನಾನು ನೋಡಿದೆ.

ಅವತ್ತು ಕಾರ್ಯಾಗಾರ ಮುಗಿದ ಮೇಲೆ ಅತ್ತೆಗೆ ಹೊಸ ಸಂಕಟ ಶುರುವಾಯಿತು. "ಮನೆಗೆ ಬಂದ ಹೆಣ್ಣುಮಗ್ಳು ಕುಂಕುಮ ಇಲ್ದಂಗೆ ಹೋದ್ಲಲ್ಲೇ!"

"ಅವರು ನಮ್ಮನೆಗೆ ಬಂದಿಲ್ಲ ಅತ್ತೆ, ಅವರ ಆಫೀಸಲ್ಲೇ ಇದಾರೆ."

"ನಮ್ಮ ಅಟ್ಟದ ಮೇಲೆ ಇಷ್ಟೊತ್ತು ಕುಂತು ಮಾತಾಡವ್ಳೆ. ಬಂದಂಗಲ್ದೆ ಇನ್ನೇನು?"

ಈ ತರ್ಕವನ್ನು ನನ್ನ ಪ್ರಬಂಧ ತಿದ್ದುವ ಗೈಡೂ ಒಪ್ಪಿಕೊಂಡುಬಿಡುತ್ತಿದ್ದರು. ಮುಂದಿನ ಶನಿವಾರ ಕುಂಕುಮದ ಭರಣಿ ಅಟ್ಟ ಹತ್ತಿತು. ಮೇಡಮ್ "ಎಲ್ಲರಿಗೂ ಧನ್ಯವಾದ" ಎನ್ನುತ್ತಿದ್ದಂತೆ ಅತ್ತೆ ಬೆರಳ ತುದಿಯಲ್ಲಿ ಕುಂಕುಮ ಹಿಡಿದು ಪರದೆಯ ಮೇಲಿದ್ದ ಅವರ ಹಣೆಗೆ ಗುರಿಯಿಟ್ಟಳು. ಅದೇ ಹೊತ್ತಿಗೆ ಯಾರೋ ಕಾರ್ಯಾಗಾರ ಬಿಟ್ಟುಹೋದರು ನೋಡಿ, ಪರದೆಯ ಮುಖಗಳೆಲ್ಲ ಜಾಗ ಬದಲಾಯಿಸಿದವು! ಕುಂಕುಮ ಹೋಗಿ ಕೂತದ್ದು ಹುರಿ ಮೀಸೆಯ ಪ್ರೊಫೆಸರೊಬ್ಬರ ಬೋಳುತಲೆಯ ಮೇಲೆ. "ಅಯ್ಯೋ ಶಿವನೇ, ತಪ್ಪಾಯ್ತು ಕಣಪ್ಪ!" ಎಂದು ಅತ್ತೆ ಸೆರಗಿನಿಂದ ತಲೆಯನ್ನು ಚೆನ್ನಾಗಿ ಉಜ್ಜಿದಳು. ಉಜ್ಜಿದ್ದು ಕ್ಯಾಮೆರಾಕ್ಕೂ ಮೆತ್ತಿಕೊಂಡು, ಮುಂದಿನ ವಾರ ನಾನು ಎಲ್ಲರಿಗೂ ಕೆಂಪಗೆ ಕಂಡೆ. "ಜ್ವರವಾ ಮೇಡಮ್?" ಎಂದು ವಿಚಾರಿಸಿದವರು ಅದೇ ಪ್ರೊಫೆಸರು.

ಆಮೇಲೆ ಬಂತು, ಮಾಹಿತಿಯ ಮೂಲ ಪರೀಕ್ಷಿಸುವ ಕಾರ್ಯಾಗಾರ. ನನಗೆ ಅದರಲ್ಲಿ ಅರ್ಧ ಅರ್ಥವಾಯಿತು, ಅತ್ತೆಗೆ ಪೂರ್ತಿ ತಲೆಗೇರಿತು. ಮರುದಿನ ಪಕ್ಕದ ಮನೆಯಾಕೆ ಕಾಫಿಗೆಂದು ಬಂದು, ದನಿ ತಗ್ಗಿಸಿ, "ಕೊನೇ ಮನೆ ಹುಡ್ಗಿ ಕಿಬ್ಬನಹಳ್ಳಿ ಕ್ರಾಸಲ್ಲಿ ಯಾವನ ಜೊತೇಲೋ ಟೀ ಕುಡೀತಿದ್ಲಂತೆ ಕಣಕ್ಕ" ಎಂದಳು.

"ನೀನು ನೋಡ್ದ್ಯಾ?" ಎಂದಳು ಅತ್ತೆ.

"ಇಲ್ಲ, ನಮ್ಮೋರು ಹೇಳುದ್ರು."

"ಅವ್ರು ನೋಡುದ್ರಾ?"

"ಅವ್ರಿಗೆ ಬಸ್ಸಲ್ಲಿ ಯಾರೋ ಹೇಳುದ್ರಂತೆ."

"ಹಂಗಾರೆ ಇದು ಮೂರನೇ ಕೈ ಮಾಹಿತಿ. ಮೊದಲ್ನೇ ಕೈ ಯಾರ್ದೋ ಅವರ್ನ ಕರ್ಕಂಬಾ, ಆಮೇಲೆ ಕಾಫಿ."

ಆ ವಾರವೆಲ್ಲ ನಮ್ಮ ಮನೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಮಾವ ಮಾತ್ರ ಜಗಲಿಯಲ್ಲಿ ಕಾಲು ಚಾಚಿಕೊಂಡು, "ಹೋಗ್ಲಿ ಬುಡು, ಕಾಫಿಪುಡಿನಾದ್ರೂ ಉಳೀತು" ಎಂದರು.

ಇನ್ನೊಬ್ಬರದನ್ನು ಕದ್ದು ಬರೆಯಬಾರದು, ಯಾರದ್ದೋ ಅವರ ಹೆಸರು ಹೇಳಬೇಕು ಎಂದು ಕಲಿಸಿದ ಮೇಲಂತೂ ಊಟಕ್ಕೆ ಕೂರುವುದೇ ಕಷ್ಟವಾಯಿತು. ನೆಂಟರೊಬ್ಬರು ಚಟ್ನಿಪುಡಿ ಹೊಗಳಿದರೆ ಅತ್ತೆ ಸೌಟು ಕೆಳಗಿಟ್ಟು, "ಪುಡಿ ನಮ್ಮತ್ತೇದು, ಹುರಿಯೋ ಹದ ಹಂದನಕೆರೆ ವಾರಗಿತ್ತೀದು, ಉಪ್ಪು ಜಾಸ್ತಿ ಆಗಿರೋದಷ್ಟೇಯ ನಂದು" ಎಂದು ಪ್ರಕಟಿಸಿದಳು.

ನನ್ನ ಸಂಶೋಧನೆಗೂ ಕೈ ಹಾಕದೆ ಬಿಟ್ಟಾಳೆಯೇ? ನನ್ನ ವಿಷಯ, ಗ್ರಾಮೀಣ ಮಹಿಳೆಯರು ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತಾರೆ ಎಂಬುದು. ಕೇಳಿದ್ದೇ ತಡ, ಅತ್ತೆ ಬಿದ್ದು ಬಿದ್ದು ನಕ್ಕಳು. "ಬಿಡುವಾ? ಎಲ್ಲೈತೆ ತೋರ್ಸು, ನಾನೂ ಒಸಿ ತಗತೀನಿ!" ಆದರೂ ದತ್ತಾಂಶ ಸಂಗ್ರಹಿಸಲು ನನ್ನ ಜೊತೆ ಮನೆಮನೆಗೆ ಬಂದಳು. ಒಬ್ಬಾಕೆ, "ಬಿಡುವಾದ್ರೆ ಗರಿ ಸೀಳಿ ಕಡ್ಡಿಪೊರಕೆ ಕಟ್ತೀನಿ ಕಣವ್ವ" ಎಂದಳು.

"ಅದು ಕೆಲ್ಸ ಕಣೇ, ಬಿಡುವು ಹೇಳು!" ಎಂದು ಅತ್ತೆ ಗದರಿದಳು.

"ಕುಂತ್ಕಂಡೇ ಅಲ್ವಾ ಕಟ್ಟೋದು!" ಎಂದಳು ಆಕೆ.

ಹೀಗೆ ಸಿಕ್ಕ ದತ್ತಾಂಶವನ್ನು ನಾನು ಅಧ್ಯಾಯವಾಗಿ ಬರೆದು ಕಳಿಸಿದರೆ ಗೈಡು ಏನಂದಾರು? "ಮತ್ತೆ ಬರೆಯಿರಿ" ಎಂದರು. ಮತ್ತೆ ಬರೆದೆ. "ಇನ್ನೂ ಆಗಿಲ್ಲ" ಎಂದರು. ನನ್ನ ತಲೆಯನ್ನೇ ಹಿಡಿದು ಕುಲುಕಿ ನೋಡಿದಂತಿತ್ತು ಆ ಮಾತು! ಗಡುವು ಹತ್ತಿರ ಬರುತ್ತಿತ್ತು, ನನಗೆ ನಿದ್ದೆ ದೂರವಾಗುತ್ತಿತ್ತು.

ಆ ಸಮಯಕ್ಕೆ ಸರಿಯಾಗಿ ಮನಸ್ಸಿನ ಸ್ವಾಸ್ಥ್ಯದ ಕಾರ್ಯಾಗಾರ ಬಂತು. ಕಣ್ಣು ಮುಚ್ಚಿ, ಉಸಿರನ್ನು ಗಮನಿಸಿ, ಚಿಂತೆಗಳನ್ನು ಹೋಗಲು ಬಿಡಿ ಎಂದರು ಮೇಡಮ್. ನನ್ನ ಚಿಂತೆಗಳು ಎಲ್ಲಿಗೂ ಹೋಗದೆ ನನ್ನ ಪಕ್ಕದಲ್ಲೇ ಕೂತಿದ್ದವು. ಅತ್ತೆಯದು ಮಾತ್ರ ಎರಡೇ ಉಸಿರಿಗೆ ಗೊರಕೆ ಶುರುವಾಯಿತು, ಮೈಕು ತೆರೆದೇ ಇತ್ತು. ಮೇಡಮ್ ಪಿಸುದನಿಯಲ್ಲಿ, "ಯಾರೋ ತುಂಬ ಆಳಕ್ಕೆ ಇಳಿದಿದಾರೆ, ಯಾರೂ ತೊಂದರೆ ಕೊಡಬೇಡಿ" ಎಂದರು. ಕೆಳಗಿನಿಂದ ಮಾವ ತೊಂದರೆ ಕೊಟ್ಟರು: "ಅನ್ನ ಸೀದೋಯ್ತು ಕಣೇ!"

ಇಷ್ಟೆಲ್ಲ ಕಲಿತ ಮೇಲೂ ನನ್ನ ಅಧ್ಯಾಯ ಮತ್ತೊಮ್ಮೆ ವಾಪಸ್ಸು ಬಂತು. ಅವತ್ತು ಶನಿವಾರ. ನಾನು ಕೋಣೆಯಲ್ಲಿ ಮುಸುಕು ಹಾಕಿಕೊಂಡು ಮಲಗಿ, "ಬುಡತ್ತೆ, ನಂಗಾಗಲ್ಲ. ಇವತ್ತು ಅಟ್ಟ ಹತ್ತಲ್ಲ. ಹೆಸರು ತೆಗೆದ್ರೆ ತೆಗೀಲಿ" ಎಂದೆ. ಬೈಗುಳಕ್ಕೆ ಕಾದೆ. ಬರಲಿಲ್ಲ. ಅತ್ತೆ ಹೊರಗೆ ಹೋದಳು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಅವಳ ದನಿ ಕೇಳಿತು. ಎದ್ದು ಹೋಗಿ ಏಣಿಯ ಅರ್ಧಕ್ಕೆ ಹತ್ತಿ ಇಣುಕಿದೆ. ನಾನು ಮಾಡುವುದನ್ನು ವಾರವಾರ ನೋಡಿ ನೋಡಿ, ಲ್ಯಾಪ್‌ಟಾಪನ್ನು ತಾನೇ ಹಚ್ಚಿಕೊಂಡು ಕೂತಿದ್ದಳು.

"ನಿಮ್ಮ ಸೊಸೆ ಎಲ್ಲಮ್ಮ?" ಎಂದು ಮೇಡಮ್ ಕೇಳುತ್ತಿದ್ದರು.

"ಹೊಟ್ಟೆನೋವು ಕಣವ್ವ. ಅವ್ಳ ಬದ್ಲು ನಾನೇ ಕೇಳ್ಕಂಡು ಹೇಳ್ತೀನಿ, ಹಾಕ್ಕ ಹಾಜ್ರಿ."

"ಹಾಗೆ ಆಗಲ್ಲಮ್ಮ, ಅವರೇ ಇರಬೇಕು."

ಅತ್ತೆ ಪಕ್ಕದಲ್ಲಿದ್ದ ಕಾಯಿಯೊಂದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ನನ್ನ ಹೆಸ್ರು ಮೂರನೇ ಕ್ಲಾಸಿಗೇ ತೆಗೆದ್ಬುಟ್ರು ಕಣವ್ವ. ತಮ್ಮ ಹುಟ್ಟಿದ್ದ, ಅವನ ತೊಟ್ಲು ತೂಗಕ್ಕೆ ಯಾರೂ ಇರ್ಲಿಲ್ಲ. ಮೇಷ್ಟ್ರು ಯಾಕೆ ಅಂತ ಕೂಡ ಕೇಳ್ಲಿಲ್ಲ, ಗೆರೆ ಎಳೆದ್ರು. ಆ ತಮ್ಮನ ಮಗ್ಳೇ ಇವ್ಳು. ಇವ್ಳ ಹೆಸ್ರು ತೆಗೀಬ್ಯಾಡ ಕಣವ್ವ. ಒಸಿ ತಡಿ, ಬತ್ತಾಳೆ."

ಅವಳು ತೂಗಿದ್ದು ನನ್ನ ಅಪ್ಪನ ತೊಟ್ಟಿಲು. ಅಪ್ಪ ಒಂದು ದಿನವೂ ಇದನ್ನು ಹೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ನನಗೆ ಅಳು ಒತ್ತರಿಸಿ ಬಂತು, ಮೇಲಿನ ಮೆಟ್ಟಿಲು ಕಣ್ಣಿಗೆ ಕಾಣಲಿಲ್ಲ. ಹೇಗೋ ಹತ್ತಿ ಅವಳ ಪಕ್ಕದಲ್ಲಿ ಕೂತು, "ಬಂದಿದೀನಿ ಮೇಡಮ್" ಎಂದೆ.

ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಪರದೆಗೆ ಇನ್ನಷ್ಟು ಹತ್ತಿರ ಬಾಗಿ, ಜಗತ್ತಿಗೆಲ್ಲ ಕೇಳುವಂತೆ ಕೂಗಿದಳು: "ಬಂದ್ಲು ನೋಡವ್ವ! ಬರ್ಕೋ, ಬಂದವ್ಳೆ!"