ಹೊಲ ನೋಡುವ ಹಾಗೆ ಕಂಪನಿ ನೋಡಿದ್ದು

ಹೆಣ್ಣು ಕೊಡುವ ಮುಂಚೆ ಹುಡುಗನ ಹೊಲ ನೋಡಿ ಬರುವುದು ಹಿಂದಿನಿಂದ ಬಂದ ಪದ್ಧತಿ. ಮೈಲಾರಲಿಂಗನಿಗೆ ಹೊಲವಿರಲಿಲ್ಲ. ಹೀಗಾಗಿ ಹಿರೇಕೆರೂರಿನ ಗುದ್ಲೆಪ್ಪ ಬೆಳಗಾಗುತ್ತಲೇ ಫೋನು ಮಾಡಿ, "ಇವತ್ತ ಹನ್ನೊಂದಕ್ಕ ನಿಮ್ಮ ಕಂಪನಿ ನೋಡಾಕ ಬರ್ತೇನ್ರಿ" ಎಂದುಬಿಟ್ಟ.

ಕಂಪನಿಯೆಂದರೆ ಹಾನಗಲ್ಲಿನ ಗೊಬ್ಬರದ ಅಂಗಡಿಯ ಮಾಳಿಗೆ ಮೇಲಿನ ಒಂದು ಕೋಣೆ. ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಮಾಡುವ ನಾಲ್ಕು ಮಂದಿ. ಮಾಲೀಕ ಫಾರೂಕನನ್ನೂ ಹಿಡಿದೇ ನಾಲ್ಕು. ಮೈಲಾರಲಿಂಗ ಇದಕ್ಕೂ ಮುಂಚೆ ಹೆಣ್ಣು ನೋಡಲು ಹೋಗಿ ಆರು ಮನೆಗಳಲ್ಲಿ ಅವಲಕ್ಕಿ ತಿಂದಿದ್ದ. ಆರೂ ಕಡೆ "ಈ ಕಂಪನಿ ಹೆಸರಾ ಕೇಳಿಲ್ಲಲ್ಲಪಾ" ಎಂಬ ಮಾತನ್ನೂ ತಿಂದು ದಣಿದಿದ್ದ. ಏಳನೆಯವಳು ಗುದ್ಲೆಪ್ಪನ ಮಗಳು ನಾಗರತ್ನಾ. ಅವಳೊಬ್ಬಳೇ ಕಂಪನಿಯ ಹೆಸರು ಕೇಳದೆ, "ದಣದಂಗ ಕಾಣ್ತೀರಿ. ಇನ್ನೊಂಚೂರ ಚಾ ಹಾಕ್ಲೇನ್ರಿ?" ಎಂದಿದ್ದಳು. ಆ ಮಾತು ಬೂದಿ ಮುಚ್ಚಿದ ಕೆಂಡದ ಹಾಗೆ ಅವನ ಎದೆಯಲ್ಲಿ ಇನ್ನೂ ಬೆಚ್ಚಗಿತ್ತು.

ಫೋನಿನ ಮಾತು ನಲ್ಲಿಗೆ ಕೊಡ ಹಿಡಿದಿದ್ದ ಪಕ್ಕದ ಮನೆ ಶಾರವ್ವನ ಕಿವಿಗೆ ಬಿತ್ತು.

"ನಾಕ ಮಂದಿ ನೋಡಿ ಯಾರ ಹೆಣ್ಣ ಕೊಡ್ತಾರೋ ತಮ್ಮಾ? ನೀ ಸುಮ್ಕಿರು. ನಮ್ಮ ಮಹಿಳಾ ಸಂಘದ ಮಂದೀನ ಕರಕೊಂಡ ಬರ್ತೇನಿ."

"ಬ್ಯಾಡ ಅಕ್ಕಾ..."

ಅವನ 'ಬ್ಯಾಡ' ಸಂತೆಯಲ್ಲಿ ಬಿದ್ದ ಎಳ್ಳುಕಾಳಾಯಿತು.

ಹನ್ನೊಂದರ ಹೊತ್ತಿಗೆ ಹದಿನೆಂಟು ಹೆಂಗಸರು ಕೋಣೆಯಲ್ಲಿ ಒತ್ತಿ ಕೂತಿದ್ದರು. ಮುಂದೆ, ಮುಚ್ಚಿಹೋದ ಕಂಪ್ಯೂಟರ್ ಕ್ಲಾಸಿನಿಂದ ಹೊತ್ತು ತಂದ ಕೆಟ್ಟ ಕಂಪ್ಯೂಟರುಗಳು. ಕೊರಳಲ್ಲಿ ಲಾಡಿಗೆ ಕಟ್ಟಿದ ಆಧಾರ್ ಕಾರ್ಡುಗಳು. ಸಂಘದ ಮಂಜವ್ವ ಅಕ್ಕಿಯಲ್ಲಿ ಹರಳು ಆರಿಸುವಂತೆ ಒಂದೊಂದೇ ಕೀಲಿ ಒತ್ತುತ್ತಿದ್ದಳು. ಫಾರೂಕ ಬಾಗಿಲಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.

ಗುದ್ಲೆಪ್ಪ ಬಂದವನೇ ಬದುವಿನ ಮೇಲೆ ನಡೆಯುವಂತೆ ಸಾಲುಗಳ ನಡುವೆ ಅಡ್ಡಾಡಿದ.

"ಏನ್ ಮಾಡಾಕತ್ತಿ ತಂಗಿ?"

"ಭಾಳ ದೊಡ್ಡ ಕೆಲಸ ಐತ್ರಿ. ಮಾತಾಡಿದ್ರ ಸಾಹೇಬ್ರು ಬೈತಾರ" ಎಂದಳು ಮಂಜವ್ವ, ಕಣ್ಣೆತ್ತದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಹದಿನೆಂಟೂ ಮಂದಿ ನಿಲ್ಲಿಸದೆ ಕುಟ್ಟುತ್ತಲೇ ಇದ್ದರು.

"ಕರೆಂಟ್ ಹೋದ್ರೂ ಬಿಡೂದಿಲ್ಲೇನ್ರಿ?"

"ದೊಡ್ಡ ಕಂಪನಿ ಅಂದ್ರ ಹಂಗರಿ!" ಎಂದು ಶಾರವ್ವ ಬೀಗಿದಳು.

ಗುದ್ಲೆಪ್ಪ ಟೋಪಿ ತೆಗೆದು ಬೆವರು ಒರೆಸಿಕೊಂಡ. ಮುಖ ಬಾಡಿತ್ತು.

"ತಪ್ಪ ತಿಳೀಬ್ಯಾಡ್ರಿ. ನಮ್ಮ ಹಿರೇ ಅಳಿಯಾನೂ ದೊಡ್ಡ ಕಂಪನ್ಯಾಗ ಇದ್ದ. ಒಂದ ಮುಂಜಾನೆ ಮೇಲ್ ಬಂತು, ಐನೂರ ಮಂದಿ ಹೊರಗ. ತಗದವರಿಗೆ ಇವನ ಹೆಸರೂ ಗೊತ್ತಿಲ್ಲ! ಅದಕ್ಕ ನಮ್ಮ ನಾಗರತ್ನಾ ಅಂದ್ಲು, 'ಅಪ್ಪಾ, ನಾಕ ಮಂದಿ ಕಂಪನಿ ಅಂತ, ಮಾಲೀಕ ಸಂಗಾಟ ಕುಂತ ಉಣ್ತಾನಂತ. ಖರೇ ಇದ್ರ ಹೂಂ ಅಂದ ಬಾ' ಅಂತ. ಇಲ್ಲಿ ನೋಡಿದ್ರ ಸಂತಿ ನೆರದೈತಿ. ಬ್ಯಾಡ್ರೀ."

"ನಾಕ ಮಂದೀನರೀ! ಖರೇನ ನಾಕ ಮಂದಿ!" ಮೈಲಾರಲಿಂಗ ಒದರಿದ.

ಗುದ್ಲೆಪ್ಪ ಬಗ್ಗಿ ಮಂಜವ್ವನ ಕೊರಳ ಕಾರ್ಡು ನೋಡಿದ. ಪಕ್ಕದವಳದ್ದೂ ನೋಡಿದ. ಆಮೇಲೆ ಟೋಪಿ ಇಟ್ಟುಕೊಂಡ.

"ನಾಕ ಮಂದಿ ಕಂಪನ್ಯಾಗ ಇಷ್ಟ ದೊಡ್ಡ ಸುಳ್ಳೇನಪಾ?" ಎಂದವನೇ ಚಪ್ಪಲಿ ಮೆಟ್ಟಿ ಇಳಿದುಹೋದ.

ಮೈಲಾರಲಿಂಗ ಕುಸಿದು ಕೂತ. ಇನ್ನೊಂಚೂರು ಚಹಾ ಬೇಕೆನಿಸಿ ಕಿಟ್ಲಿ ಬಗ್ಗಿಸಿದ. ಹನಿಯೂ ಇರಲಿಲ್ಲ, ಹದಿನೆಂಟು ಮಂದಿ ಕುಡಿದಿದ್ದರು.

"ಹೋಗ್ಲಿ ಬಿಡೋ ತಮ್ಮಾ" ಎಂದು ಶಾರವ್ವ ಬೆನ್ನು ಸವರಿದಳು, "ಎಂಟನೇದಕ್ಕ ಮೂವತ್ತ ಮಂದೀನ ಕರಕೊಂಡ ಬರ್ತೇನಿ."