ತಲೆ ಬೇಕೇ ಎಂದು ಕೇಳಿದ ತಪ್ಪಿಗೆ

ಆಳಸಮುದ್ರದ ಮೀನುಬೇಟೆ ವಿಹಾರವನ್ನು ನಡೆಸುವ ಕಂಪನಿಯ ಮಾನ್ಯ ವ್ಯವಸ್ಥಾಪಕರ ಸನ್ನಿಧಾನಕ್ಕೆ, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮೂವತ್ತೊಂದು ವರ್ಷಗಳಿಂದ ಮೀನು ಕತ್ತರಿಸಿ ಮಾರುತ್ತಿರುವ ಸಾಮಾನ್ಯ ಅಂಗಡಿಯವನೊಬ್ಬ, ಎರಡು ಸಲ ಸೋಪು ಹಚ್ಚಿ ಕೈ ತೊಳೆದುಕೊಂಡು ಬರೆದ ಬಹಿರಂಗ ಪತ್ರ.

ಮಾನ್ಯರೇ,

ತಾವು, ತಮ್ಮ ಬೋಟು ಮತ್ತು ಬೋಟಿನ ಆ ಗಂಟಲು ಕಟ್ಟಿದ ಎಂಜಿನ್ನು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ. ಕಾಲಕೆಳಗಿನ ನೆಲ ಇನ್ನೂ ಸ್ವಲ್ಪ ತೂಗಾಡುತ್ತಿದೆ, ಆದರೆ ಅಷ್ಟಕ್ಕೆಲ್ಲ ತಮ್ಮನ್ನು ದೂರುವ ಸಣ್ಣ ಮನಸ್ಸು ನನ್ನದಲ್ಲ. ದೂರುವುದಕ್ಕೆ ಬೇರೆ ವಿಷಯಗಳು ಬೇಕಾದಷ್ಟಿವೆ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ನಮ್ಮ ಅಪ್ಪ ನಲವತ್ತು ವರ್ಷ ಮೀನಿನ ಬೋಟಿನಲ್ಲಿ ದುಡಿದವರು. ನನಗೆ ಹದಿನೆಂಟು ತುಂಬಿದಾಗ ನನ್ನನ್ನೂ ಒಮ್ಮೆ ಜೊತೆಗೆ ಕರೆದುಕೊಂಡು ಹೋದರು. ದಡ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ನಾನು ಹಿಂದಿನ ದಿನದ ಊಟವನ್ನೂ ಸೇರಿಸಿ ಸಮುದ್ರಕ್ಕೆ ಒಪ್ಪಿಸಿಬಿಟ್ಟೆ. ಅವರು ಬೋಟು ತಿರುಗಿಸಿ, ದಡಕ್ಕೆ ತಂದು, ಅಮ್ಮ ನಡೆಸುತ್ತಿದ್ದ ಅಂಗಡಿಯ ಹಲಗೆಯ ಮುಂದೆ ನನ್ನನ್ನು ನಿಲ್ಲಿಸಿ, ಕೈಗೆ ಕತ್ತಿ ಕೊಟ್ಟು, ‘ನಿಂಗೆ ಇದೇ ಸರಿ’ ಎಂದರು. ಅಂದು ಹಿಡಿದ ಕತ್ತಿಯನ್ನು ನಾನಿನ್ನೂ ಕೆಳಗಿಟ್ಟಿಲ್ಲ.

ಅಪ್ಪನಿಗೀಗ ಎಂಬತ್ತೊಂದು. ಕಣ್ಣು, ಕಿವಿ, ಹಲ್ಲು, ನಾಲಿಗೆ ಎಲ್ಲ ಗಟ್ಟಿ, ಅದರಲ್ಲೂ ನಾಲಿಗೆ. ಅಂಗಡಿಯ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಬಂದ ಗಿರಾಕಿಗಳಿಗೆಲ್ಲ ‘ನನ್ನ ಮಗ ಮೀನು ಎಷ್ಟು ಬೇಕಾದ್ರೂ ಕತ್ತರಿಸ್ತಾನೆ, ಒಂದು ಹಿಡ್ಕೊಂಡು ಬಾ ಅಂದ್ರೆ ಮಾತ್ರ ಹೊಟ್ಟೆ ತೊಳಸುತ್ತೆ’ ಎಂದು ಹೇಳುವುದೇ ಅವರ ಈಗಿನ ಉದ್ಯೋಗ. ಗಿರಾಕಿಗಳು ನಗುತ್ತಾರೆ, ನಾನೂ ನಗುತ್ತೇನೆ. ನಗುತ್ತಾ ಸ್ವಲ್ಪ ಜೋರಾಗಿಯೇ ಕತ್ತಿ ಬೀಸುತ್ತೇನೆ.

ಹಾಗಾಗಿ ನಾನು ತಮ್ಮ ಬೋಟು ಹತ್ತಿದ್ದು ಗಾಳಿ ಸೇವನೆಗಲ್ಲ. ಒಂದೇ ಒಂದು ಮೀನನ್ನು ಕೈಯಾರೆ ಹಿಡಿದು, ತಲೆಯಿಂದ ಬಾಲದವರೆಗೆ ಇಡಿಯಾಗಿ ತಂದು, ಆ ಪ್ಲಾಸ್ಟಿಕ್ ಕುರ್ಚಿಯ ಮುಂದೆ ಇಡಬೇಕು, ಅಪ್ಪನ ಬಾಯಿ ಒಂದು ದಿನವಾದರೂ ಮುಚ್ಚಬೇಕು, ಇಲ್ಲವೇ ಅದೇ ಬಾಯಿಂದ ಒಂದು ಒಳ್ಳೆಯ ಮಾತು ಬೀಳಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು. ನಲವತ್ತೊಂಬತ್ತು ವರ್ಷದ ಗಂಡಸು ಇಷ್ಟಕ್ಕೆ ಹಂಬಲಿಸುವುದು ನಾಚಿಕೆಗೇಡು ಎಂದು ನನ್ನ ಹೆಂಡತಿ ಹೇಳಿದಳು. ಹೇಳುತ್ತಲೇ ಫೋನಿನಲ್ಲಿ ತಮ್ಮ ಬುಕಿಂಗ್ ಫಾರಂ ತೆರೆದವಳೂ ಅವಳೇ.

ಆ ಫಾರಂ ಸಿದ್ಧಪಡಿಸಿದ ಮಹಾನುಭಾವರಿಗೆ ನನ್ನ ಸಾಷ್ಟಾಂಗ ನಮಸ್ಕಾರವನ್ನು ತಿಳಿಸಬೇಕು. ‘ಮೀನಿನೊಂದಿಗೆ ತಮ್ಮ ಅನುಭವ ಎಷ್ಟು ವರ್ಷ?’ ಎಂದು ಅದರಲ್ಲಿ ಕೇಳಿತ್ತು. ನಾನು ಸುಳ್ಳು ಹೇಳುವವನಲ್ಲ, ಮೂವತ್ತೊಂದು ಎಂದು ಬರೆಸಿದೆ. ‘ಒಂದು ದಿನದಲ್ಲಿ ತಮ್ಮ ಕೈಗೆ ಬಂದ ಅತಿ ಹೆಚ್ಚು ಮೀನುಗಳ ಸಂಖ್ಯೆ?’ ಎಂದು ಕೇಳಿತ್ತು. ರಜಾದಿನಗಳಲ್ಲಿ ಮುನ್ನೂರಕ್ಕೆ ಕಡಿಮೆಯಿಲ್ಲ ಎಂದೆ. ‘ಇದುವರೆಗಿನ ಅತಿ ದೊಡ್ಡ ಮೀನು?’ ಎಂಬಲ್ಲಿ, ಒಬ್ಬನ ಕೈಲಿ ಎತ್ತಲಾಗದೆ ಪಕ್ಕದ ಕೋಳಿ ಅಂಗಡಿಯವನನ್ನು ಕರೆದು ಹಲಗೆಗೆ ಏರಿಸಿದ ಅರವತ್ತು ಕಿಲೋದ್ದನ್ನು ನೆನೆದು, ಅದನ್ನೇ ಬರೆಸಿದೆ. ಹಿಡಿದಿದ್ದೀರೋ, ಕತ್ತರಿಸಿದ್ದೀರೋ, ಇಲ್ಲವೇ ದೂರದಿಂದ ನೋಡಿ ಸಂತೋಷಪಟ್ಟಿದ್ದೀರೋ ಎಂಬುದನ್ನು ಆ ಫಾರಂ ಎಲ್ಲಿಯೂ ಕೇಳಲಿಲ್ಲ. ಮರುಕ್ಷಣವೇ ತಮ್ಮಿಂದ ಉತ್ತರ ಬಂತು: ತಮ್ಮಂಥ ಹಿರಿಯರು ನಮ್ಮ ಬೋಟಿಗೆ ಪಾದ ಇಡುವುದು ನಮ್ಮ ಭಾಗ್ಯ, ತಮ್ಮನ್ನು ನುರಿತ ಬೇಟೆಗಾರರ ದರ್ಜೆಗೆ ಸೇರಿಸಲಾಗಿದೆ ಎಂದು. ಎಲ್ಲರಿಗೂ ಹೀಗೇ ಬರೆಯುತ್ತಾರೇನೋ, ಎಂಥ ಸಂಸ್ಕಾರವಂತ ಕಂಪನಿ ಎಂದುಕೊಂಡೆ.

ಹೊರಡುವ ದಿನ ಬೆಳಗ್ಗೆ ಬೋಟು ನಿಲ್ಲುವ ಧಕ್ಕೆಗೆ ಬಂದಾಗ ತಮ್ಮ ಗೈಡ್ ಮಹಾಶಯರು ಕಪ್ಪು ಕನ್ನಡಕ ತೆಗೆದು, ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, ‘ಗುರುಗಳೇ’ ಎಂದರು. ಜೊತೆಗೆ ಬಂದಿದ್ದ ಇನ್ನೊಬ್ಬ ಪ್ರಯಾಣಿಕರಾದ ಹಲ್ಲಿನ ಡಾಕ್ಟರಿಗೆ, ಗಾಳದ ಕೋಲು ಹಿಡಿಯುವುದು ಹೇಗೆ, ರೀಲು ಯಾವ ಕಡೆ ತಿರುಗಿಸಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಅರ್ಧ ಗಂಟೆ ಪಾಠ ಮಾಡಿದರು. ನಾನೂ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಲು ಕತ್ತು ಚಾಚಿದರೆ, ‘ಅಯ್ಯೋ, ಇದೆಲ್ಲಾ ನಿಮಗಲ್ಲ ಗುರುಗಳೇ, ನೀವು ಆರಾಮಾಗಿ ಕೂತ್ಕೊಳಿ’ ಎಂದು ಮುಂದಿನ ಆಸನಕ್ಕೆ ಕಳಿಸಿಬಿಟ್ಟರು. ನಾನು ಲೈಫ್ ಜಾಕೆಟನ್ನು ಹಿಂದುಮುಂದಾಗಿ ತೊಟ್ಟಿದ್ದನ್ನು ಕಂಡ ಅವರು, ಇದರಲ್ಲೂ ಏನೋ ಮರ್ಮವಿದೆಯೆಂದು ತಮ್ಮದನ್ನೂ ಬಿಚ್ಚಿ ಹಾಗೆಯೇ ತೊಟ್ಟುಕೊಂಡರು. ಗೈಡ್ ಎಂದರೆ ದಾರಿ ತೋರಿಸುವವರು ಎಂದು ತಿಳಿದಿದ್ದ ನನಗೆ, ದಾರಿಯನ್ನೂ ನಾನೇ ತೋರಿಸಬೇಕೆಂಬುದು ಗೊತ್ತಾದದ್ದು ಬೋಟು ದಡ ಬಿಟ್ಟ ಮೇಲೆ. ‘ಯಾವ ಕಡೆ ಹೋಗೋಣ, ನೀವೇ ಹೇಳಿ’ ಎಂದು ಅವರು ಕೇಳಿದ ಹೊತ್ತಿಗೆ ನನ್ನ ಹೊಟ್ಟೆ ಬಾಯಿಗೆ ಬಂದಿತ್ತು. ಬಾಯಿ ತೆರೆದರೆ ಅನಾಹುತವೆಂದು ಗದ್ದ ಎತ್ತಿ ಎತ್ತಲೋ ತೋರಿಸಿದೆ. ಅತ್ತಲೇ ನಾಲ್ಕು ಗಂಟೆ ಹೋದೆವು. ಅಲ್ಲಿ ಮೀನಿರಲಿ, ಒಂದು ಪಾಚಿಯ ಎಳೆಯೂ ಇರಲಿಲ್ಲ.

ಆ ನಾಲ್ಕು ಗಂಟೆಗಳಲ್ಲಿ ನಾನು ಮೂರು ಸಲ ಬೋಟಿನ ಅಂಚಿಗೆ ಬಾಗಿ ವಾಂತಿ ಮಾಡಿಕೊಂಡೆ. ಮೂರನೆಯ ಸಲ ತಮ್ಮ ಗೈಡರು ಡಾಕ್ಟರ ಕಿವಿಯಲ್ಲಿ, ಹಳಬರು ನೀರಿನ ಬಣ್ಣ ನೋಡೋದೇ ಹೀಗೆ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಮಾನ್ಯರೇ, ಇಷ್ಟು ಗೌರವ ನನಗೆ ನನ್ನ ಮದುವೆಯ ದಿನವೂ ಸಿಕ್ಕಿರಲಿಲ್ಲ.

ಕೊನೆಗೆ ಸಮುದ್ರಕ್ಕೇ ಪಾಪ ಅನಿಸಿರಬೇಕು. ನನ್ನ ಕೋಲು ಬಿಲ್ಲಿನಂತೆ ಬಾಗಿತು, ನಾನು ರೀಲನ್ನು ಹಿಡಿದು ಜೀವ ಹೋಗುವ ಹಾಗೆ ತಿರುಗಿಸತೊಡಗಿದೆ, ಅದೂ ಉಲ್ಟಾ. ದಾರ ಒಳಗೆ ಬರುವ ಬದಲು ಹೊರಗೆ ಹೋಯಿತು. ಯಾರಾದರೂ ಆಗ ‘ಏ ಮಾರಾಯ, ಆ ಕಡೆ ಅಲ್ಲ’ ಎಂದಿದ್ದರೆ ನಾನವರ ಕಾಲು ಹಿಡಿಯುತ್ತಿದ್ದೆ. ಆದರೆ ತಮ್ಮ ಗೈಡರು ಕೈಕಟ್ಟಿ ನಿಂತು, ಸಡಿಲ ಬಿಟ್ಟು ಹೇಗೆ ಸುಸ್ತು ಮಾಡ್ತಾರೆ ನೋಡ್ಕೊಳ್ಳಿ ಎಂದು ಡಾಕ್ಟರಿಗೆ ವಿವರಿಸುತ್ತಿದ್ದರು. ಮುಕ್ಕಾಲು ಗಂಟೆಯ ನಂತರ ಮೀನು ನಿಜವಾಗಿಯೂ ಸುಸ್ತಾಯಿತು. ನನಗಿಂತ ಎರಡು ನಿಮಿಷ ಮೊದಲು ಎಂಬುದೇ ನನ್ನ ಪುಣ್ಯ. ಅದನ್ನು ಮೇಲೆತ್ತಿಕೊಂಡು, ಮರದ ಕೊಡತಿಯಿಂದ ಒಂದೇಟು ಹಾಕಿ, ಬೋಟಿನ ಹಲಗೆಯ ಮೇಲೆ ನನ್ನ ಮುಂದಿಟ್ಟು, ಫೋಟೋ ತೆಗೆಯುವ ಕ್ಯಾಮೆರಾ ತರುತ್ತೇನೆಂದು ಗೈಡರು ಒಳಗೆ ಹೋದರು. ನಾನು ಕೈಯಲ್ಲಿ ಎತ್ತಿ ನೋಡಿದೆ, ನಾಲ್ಕು ಕಿಲೋ ಇನ್ನೂರು ಗ್ರಾಂ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಮೀನನ್ನು ನೋಡಿಲ್ಲ, ಅದೂ ನನ್ನದೇ.

ಆದರೆ ತಮ್ಮ ಕ್ಯಾಮೆರಾದ ಬ್ಯಾಟರಿ ಸತ್ತಿತ್ತು. ಇನ್ನೊಂದು ಬ್ಯಾಟರಿ ಹುಡುಕಲು ಗೈಡರಿಗೆ ಮೂರು ನಿಮಿಷ ಹಿಡಿಯಿತು. ನನ್ನ ಮುಂದೆ ಹಲಗೆ ಇತ್ತು, ಹಲಗೆಯ ಮೇಲೆ ಮೀನಿತ್ತು, ಪಕ್ಕದಲ್ಲಿ ಚೂರಿ ಇತ್ತು, ಎದುರಿಗೆ ಒಬ್ಬ ಮನುಷ್ಯ ನಿಂತು ನೋಡುತ್ತಿದ್ದ. ಮಾನ್ಯರೇ, ಮೂವತ್ತೊಂದು ವರ್ಷ ಇದೇ ನಾಲ್ಕು ಒಟ್ಟಿಗೆ ಸೇರಿದಾಗಲೆಲ್ಲ ನನ್ನ ಕೈ ಮಾಡಿದ್ದು ಒಂದೇ ಕೆಲಸ. ಮನಸ್ಸು ಅಪ್ಪನ ಮುಖ ಹೇಗಾಗಬಹುದೆಂದು ಯೋಚಿಸುತ್ತಿತ್ತು. ಕೈ ಅದರ ಪಾಡಿಗೆ ಹುರುಪೆ ಹೆರೆಯಿತು, ಹೊಟ್ಟೆ ಸೀಳಿತು, ಕಿವಿರು ಕಿತ್ತಿತು. ತಮ್ಮ ಚೂರಿ ಮೊಂಡಾಗಿದೆಯೆಂದು ನಾನು ಬೈದುಕೊಂಡದ್ದೂ ನೆನಪಿದೆ. ಬಾಯಿ ತಾನೂ ಹಿಂದೆ ಬೀಳಬಾರದೆಂದು, ಡಾಕ್ಟರ ಕಡೆಗೆ ನೋಡಿ, ‘ತಲೆ ಬೇಕಾ?’ ಎಂದು ಕೇಳಿಬಿಟ್ಟಿತು. ಆ ಒಳ್ಳೆಯ ಮನುಷ್ಯ, ಪಾಪ, ನಾನು ಏಕೆ ಕೇಳುತ್ತಿದ್ದೇನೆಂದು ತಿಳಿಯದಿದ್ದರೂ ಮರ್ಯಾದೆಗೆ, ‘ಬೇಡ ಬೇಡ, ಪರವಾಗಿಲ್ಲ’ ಎಂದರು. ತಲೆ ಸಮುದ್ರಕ್ಕೆ ಹೋಯಿತು. ಕ್ಯಾಮೆರಾ ಹಿಡಿದು ಹೊರಬಂದ ಗೈಡರಿಗೆ ಕಂಡದ್ದು, ಒಂದೇ ದಪ್ಪದ ಹದಿನಾರು ತುಂಡುಗಳು ಮತ್ತು ‘ಸಣ್ಣ ಮಾಡ್ಲಾ, ಇಷ್ಟೇ ಸಾಕಾ?’ ಎನ್ನುತ್ತಾ ನಿಂತಿದ್ದ ನಾನು. ಆಮೇಲೆ ನನಗೇ ಅರಿವಾಗಿ ನಾನು ಅಲ್ಲೇ ಕುಸಿದು ಕೂತಾಗ, ದೊಡ್ಡವರಿಗೆ ಫೋಟೋದ ಚಟ ಇರುವುದಿಲ್ಲವೆಂದು ಅವರು ಕೈಮುಗಿದರು.

ಈ ವಿಷಯದಲ್ಲಿ ತಪ್ಪು ಪೂರ್ತಿ ತಮ್ಮದೇ ಎಂದು ನಾನು ವಿನಯದಿಂದ ಒತ್ತಿ ಹೇಳುತ್ತೇನೆ. ಮುಂದಿನ ದಿನಗಳಲ್ಲಿ ನನ್ನಂಥವರು ಬಂದರೆ ಮೀನು ಸಿಕ್ಕಿದ ಕೂಡಲೇ ಅವರ ಎರಡೂ ಕೈಗಳನ್ನು ಕಂಬಕ್ಕೆ ಕಟ್ಟಿಹಾಕಲು ಒಬ್ಬರನ್ನು ನೇಮಿಸಬೇಕು. ಮರ್ಯಾದೆಗೆ ಬೇಡವೆನ್ನುವ ಡಾಕ್ಟರುಗಳಿಗೆ ಬೋಟಿನಲ್ಲಿ ಜಾಗ ಕೊಡಬಾರದು. ಮತ್ತು ಸಮುದ್ರದೊಡನೆ ತಮಗೆ ಇಷ್ಟು ವರ್ಷಗಳ ವ್ಯವಹಾರವಿರುವುದರಿಂದ, ದಯವಿಟ್ಟು ಒಂದು ಮಾತು ಹೇಳಿ, ನನ್ನ ಮೀನಿನ ತಲೆಯನ್ನು ವಾಪಸು ಕೊಡಿಸಬೇಕು. ಬಾಲ ಇಲ್ಲದಿದ್ದರೂ ನಡೆಯುತ್ತದೆ.

ಏಕೆಂದರೆ ಮನೆಯಲ್ಲಿ ನಡೆದದ್ದನ್ನು ತಾವು ಕಾಣಲಿಲ್ಲ. ತಿಂಡಿಗೆಂದು ಒಯ್ದಿದ್ದ ಸ್ಟೀಲ್ ಡಬ್ಬಿಯಲ್ಲಿ ಹದಿನಾರು ತುಂಡು ತುಂಬಿಕೊಂಡು ಬಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ, ಹೆಂಡತಿ ಮುಚ್ಚಳ ತೆಗೆದು, ‘ದಾರಿಯಲ್ಲಿ ಅಂಗಡಿಗೆ ಹೋಗಿದ್ರಾ?’ ಎಂದಳು. ಅಪ್ಪ ಒಂದು ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ‘ಕತ್ತರಿಸಿದ ಕೈ ನಿಂದೇ. ಹಿಡಿದ ಕೈ ಯಾರದು?’ ಎಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತಾ ಹೋದ ಹಾಗೆ ನನಗೇ ಅದು ಸುಳ್ಳಿನಂತೆ ಕೇಳಿಸಿತು. ಅಪ್ಪ ತುಂಡನ್ನು ಡಬ್ಬಿಗೆ ವಾಪಸು ಹಾಕಿ ಮುಚ್ಚಳ ಮುಚ್ಚಿದರು. ಅವರು ಜೋರಾಗಿ ನಕ್ಕಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಬಕೆಟ್ ತುಂಬಿ ಚೆಲ್ಲುವವರೆಗೆ ನಲ್ಲಿ ಬಿಟ್ಟು ನಿಂತಿದ್ದೆ.

ಊಟಕ್ಕೆ ಕೂತೆವು. ಹೆಂಡತಿ ಹುರಿದ ತುಂಡುಗಳನ್ನು ಬಡಿಸಿದಳು. ಅಪ್ಪ ಒಂದು ಮುರಿದು ಬಾಯಿಗಿಟ್ಟುಕೊಂಡರು, ಅಗಿಯುತ್ತಿದ್ದವರು ನಿಲ್ಲಿಸಿದರು, ಮತ್ತೆ ನಿಧಾನಕ್ಕೆ ಅಗಿದರು. ‘ಇದು ಐಸ್ ಕಂಡ ಮೀನಲ್ಲ’ ಎಂದರು. ನಮ್ಮ ಅಂಗಡಿಗಾಗಲಿ, ಓಣಿಯ ಬೇರೆ ಯಾವ ಅಂಗಡಿಗಾಗಲಿ ಐಸಿಲ್ಲದೆ ಬಂದ ಮೀನು ಇಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತು. ಇನ್ನೊಂದು ತುಂಡು ಹಾಕಿಸಿಕೊಂಡು, ತಟ್ಟೆ ನೋಡುತ್ತಲೇ, ‘ವಾಂತಿ ಆಯ್ತಾ?’ ಎಂದು ಕೇಳಿದರು. ಮೂರು ಸಲ ಎಂದೆ. ‘ನಂಗೂ ಮೊದಲ ಎರಡು ವರ್ಷ ಆಗ್ತಿತ್ತು’ ಎಂದರು ಅಪ್ಪ.

ಮೂವತ್ತೊಂದು ವರ್ಷ ಈ ಒಂದು ಮಾತನ್ನು ಹೊಟ್ಟೆಯೊಳಗಿಟ್ಟುಕೊಂಡು ನನ್ನನ್ನು ಓಣಿಯಲ್ಲೆಲ್ಲ ಆಡಿಕೊಂಡ ಮನುಷ್ಯನ ಮೇಲೆ ಸಿಟ್ಟು ಬರಬೇಕಿತ್ತು. ಬಂದಿತು ಕೂಡ. ಆದರೆ ಅಷ್ಟರಲ್ಲಿ ಅವರು ತಮ್ಮ ತಟ್ಟೆಯ ಹೊಟ್ಟೆಭಾಗದ ತುಂಡನ್ನು ಎತ್ತಿ ನನ್ನ ತಟ್ಟೆಗೆ ಹಾಕಿದರು. ಅಮ್ಮನಿಗೂ ಅಪ್ಪ ಹೊಟ್ಟೆಭಾಗವನ್ನು ಬಿಟ್ಟುಕೊಟ್ಟವರಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಮೆಣಸಿನ ಖಾರ ಎಂದೆ, ಹೆಂಡತಿ ಮೆಣಸು ಹಾಕಿಯೇ ಇಲ್ಲವೆಂದಳು.

ಆದ್ದರಿಂದ ಈ ದೂರನ್ನು ವಾಪಸು ತೆಗೆದುಕೊಳ್ಳುವ ಯೋಚನೆಯೂ ಒಮ್ಮೆ ಬಂದಿತ್ತು. ಆದರೆ ಇಷ್ಟು ಬರೆದ ಮೇಲೆ ಕಾಗದ ಹಾಳು ಮಾಡುವುದು ಬೇಡವೆಂದು ಕಳಿಸುತ್ತಿದ್ದೇನೆ. ತಮ್ಮ ಗೈಡರಿಗೆ ನನ್ನ ನಮಸ್ಕಾರಗಳು. ಲೈಫ್ ಜಾಕೆಟನ್ನು ಇನ್ನಾದರೂ ಸರಿಯಾಗಿ ತೊಡುವಂತೆ ಅವರಿಗೆ ಯಾರಾದರೂ ಹೇಳಿ.

ತಲೆಯನ್ನು ತಮ್ಮ ಸಮುದ್ರದಲ್ಲಿ ಬಿಟ್ಟು, ಉಳಿದದ್ದನ್ನು ಮನೆಗೆ ತಂದ,
ತಮ್ಮ ವಿಶ್ವಾಸಿ,
ಮಾರುಕಟ್ಟೆ ಹಿಂದಿನ ಮೀನಂಗಡಿಯವನು

ಮರುಬರಹ: ಇಂಥ ದಿನ ಇಂಥವರು ತಮ್ಮ ಬೋಟಿನಲ್ಲಿ ಒಂದು ಮೀನನ್ನು ಸ್ವಂತವಾಗಿ ಹಿಡಿದದ್ದು ನಿಜ ಎಂಬ ಪ್ರಮಾಣಪತ್ರವೊಂದನ್ನು, ಮೊಹರು ಹಾಕಿ, ಕೂಡಲೇ ಕಳಿಸಿಕೊಡಬೇಕು. ನನಗಲ್ಲ, ಅಪ್ಪನಿಗೆ ಬೇಕಂತೆ, ಗಿರಾಕಿಗಳು ನಂಬುತ್ತಿಲ್ಲವಂತೆ. ಮೂವತ್ತೊಂದು ವರ್ಷ ತಕ್ಕಡಿಯಲ್ಲಿ ಒಂದು ಗ್ರಾಂ ಆಚೀಚೆ ಮಾಡದ ನಾನು ಅದು ನಾಲ್ಕು ಕಿಲೋ ಇನ್ನೂರು ಗ್ರಾಂ ಎಂದು ಎಷ್ಟು ಹೇಳಿದರೂ, ಇವತ್ತು ಬೆಳಗ್ಗೆ ಅಂಗಡಿ ತೆರೆದಾಗ ಕುರ್ಚಿಯಿಂದ ‘ನನ್ನ ಮಗ ಹಿಡಿದದ್ದು’ ಆರು ಕಿಲೋ ಇತ್ತು, ಹತ್ತು ಗಂಟೆಗೆ ಒಂಬತ್ತಾಯಿತು, ಈ ಪತ್ರ ಮುಗಿಸುವ ಹೊತ್ತಿಗೆ ಹದಿನಾಲ್ಕು ದಾಟಿದೆ. ದಯವಿಟ್ಟು ತೂಕದ ಜಾಗವನ್ನು ಖಾಲಿ ಬಿಟ್ಟು ಕಳಿಸಿ.