ಒಂದೇ ಪಾತ್ರೆಯ ಊಟ

ನಮ್ಮ ಊರಿನಲ್ಲಿ ಮೂವತ್ತೊಂದು ಮಂದಿ ಯಹೂದಿಗಳೂ, ಅವರಿಗೆ ನಾಲ್ಕು ಸಂಘಗಳೂ, ನಾಲ್ವರು ಅಧ್ಯಕ್ಷರೂ, ಒಂದು ಭೋಜನಶಾಲೆಯೂ ಇರುವುದು ಸರ್ವವಿದಿತ. ನಾಲ್ಕಕ್ಕೂ ಕಾರ್ಯದರ್ಶಿ ನಾನೇ.

ಈ ವಸಂತದಲ್ಲಿ ನಗರಸಭೆಯ ನೋಟಿಸು ಬಂತು: "ತಾವು ಒಂದೇ ಸಮುದಾಯವೆಂದು ರುಜುವಾತುಪಡಿಸಲು ಪೆಸಾಹ್ ಹಬ್ಬದ ಮಧ್ಯಾಹ್ನ ಸರ್ವರೂ ಒಂದೇ ಪಾತ್ರೆಯಿಂದ ಉಣ್ಣತಕ್ಕದ್ದು. ತಪ್ಪಿದಲ್ಲಿ ಭೋಜನಶಾಲೆ ಮುಟ್ಟುಗೋಲು." ಅದರ ಹಿಂದಿನ ಕೋಣೆಯಲ್ಲಿ ನಲವತ್ತು ವರ್ಷದಿಂದ ಇರುವ ಅಡುಗೆಯ ಪೆರ್ಲಾ ಬೀದಿಪಾಲಾಗುತ್ತಿದ್ದಳು. ತುರ್ತು ಸಭೆ ಕರೆದೆ. ಪೆಸಾಹ್ ಎಂದರೆ ಹುಳಿ ಬಂದ ಹಿಟ್ಟನ್ನು ಮುಟ್ಟದ ಹಬ್ಬ; ಉಳಿದದ್ದಕ್ಕೆ ಒಂದೊಂದು ಸಂಘಕ್ಕೆ ಒಂದೊಂದು ಕಟ್ಟಳೆ.

"ಕುರಿಮಾಂಸ ಹಾಕಿ ಅನ್ನ ಮಾಡೋಣ," ಎಂದರು ಸ್ಪೇನ್ ಮೂಲದ ಸೆಫಾರ್ದಿಗಳ ಅಧ್ಯಕ್ಷ ಅಲ್ಬಹಾರಿ.

"ಹಬ್ಬದಲ್ಲಿ ಅಕ್ಕೀನಾ! ನಮ್ಮಜ್ಜ ಗೋರಿಯಿಂದ ಎದ್ದು ಬರ್ತಾರೆ," ಎಂದರು ಲಿಥುವೇನಿಯಾ ಮೂಲದವರ ಅಧ್ಯಕ್ಷ ಹಿರ್ಶ್. "ಹುಳಿ ಬರಿಸದ ರೊಟ್ಟಿ ಪುಡಿಮಾಡಿ, ಉಂಡೆ ಕಟ್ಟಿ, ಸಾರಿಗೆ ಬಿಡಿ."

"ಆ ರೊಟ್ಟಿಗೆ ನೀರು ಸೋಕಿಸೋದೇ? ಥೂ!" ಎಂದರು ಕಟ್ಟಾ ಮಡಿವಂತ ಹಸೀದಿಗಳ ಅಧ್ಯಕ್ಷ ಜಾಲ್ಮನ್. "ಮಾಂಸ ಆದ್ರೂ ನಮ್ಮ ಕಟುಕನದೇ ಆಗಬೇಕು."

ಸುಧಾರಣಾ ಸಂಘದ ಡಾಕ್ಟರ್ ಲೆವೆನ್‌ತಾಲ್ ಎಲ್ಲವನ್ನೂ ತಿನ್ನುತ್ತಾರೆ. ಆದ್ದರಿಂದ ಯಾವುದನ್ನೇ ನಿಷೇಧಿಸುವುದಕ್ಕೂ ಅವರ ಲಿಖಿತ ವಿರೋಧ ದಾಖಲಾಯಿತು.

ಅನ್ನ ಹೋಯಿತು, ಉಂಡೆ ಹೋಯಿತು, ಮಾಂಸ ಹೋಯಿತು. ಆಲೂಗಡ್ಡೆಗೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಆದರೆ ಸಿಪ್ಪೆ ಹೆರೆಯುವ ಚಾಕು ಯಾರ ಮನೆಯದು ಎಂಬುದಕ್ಕೆ ಎರಡು ಸಭೆ ನಡೆದು ಅದೂ ಹೋಯಿತು. ಹಬ್ಬದ ಸೊಪ್ಪು ಅದ್ದಿ ತಿನ್ನುವ ಉಪ್ಪುನೀರಾದರೂ ಇರಲಿ ಎಂದೆ. "ನಮ್ಮಲ್ಲಿ ಸೊಪ್ಪು ಅದ್ದೋದು ವಿನೆಗರ್‌ಗೆ," ಎಂದು ಅಲ್ಬಹಾರಿ ಎದ್ದು ನಿಂತರು.

"ನಲವತ್ತು ವರ್ಷ ನಿಮ್ಮ ಎಂಜಲು ಬಳಿದಿದ್ದೀನಿ," ಎಂದಳು ಬಾಗಿಲಲ್ಲಿದ್ದ ಪೆರ್ಲಾ. "ಬರೀ ನೀರು ಕಾಸಿಡ್ತೀನಿ. ಅದನ್ನಾದ್ರೂ ಕುಡೀತೀರೇನ್ರಪ್ಪಾ?"

ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಹೊಸ ಪಾತ್ರೆ ಖರೀದಿಯಾಯಿತು.

ಹಬ್ಬದ ಮಧ್ಯಾಹ್ನ ಮೂವತ್ತೊಂದು ಮಂದಿ ಒಂದೇ ಮೇಜಿಗೆ ಕೂತು ಬಿಸಿನೀರು ಕುಡಿದರು. ನಗರಸಭೆಯ ಇನ್‌ಸ್ಪೆಕ್ಟರ್ "ಸಮುದಾಯ ಒಂದೇ" ಎಂದು ಬರೆದು ಮೊಹರು ಒತ್ತಿದ. ಪೆರ್ಲಾ ಸೌಟು ಹಿಡಿದು ಅಳುತ್ತಿದ್ದಳು. ಎಲ್ಲರನ್ನೂ ಒಟ್ಟಿಗೆ ಕಂಡದ್ದು ಅವಳಿಗೆ ಅದೇ ಮೊದಲು.

"ಹೇಗಿದೆ, ಹೇಳ್ರೋ?"

"ಚೆನ್ನಾಗಿದೆ ಪೆರ್ಲಕ್ಕ," ಎಂದರು ಜಾಲ್ಮನ್, ಲೋಟ ಕೆಳಗಿಡುತ್ತಾ. "ಆದರೆ ನಮ್ಮ ಕಡೆ ಇನ್ನೊಂದು ಕುದಿ ಬರಿಸ್ತಾರೆ."

"ಇನ್ನೊಂದು ಕುದಿಯೇ!" ಎಂದು ಹಿರ್ಶ್ ಕುರ್ಚಿ ಹಿಂದಕ್ಕೆ ತಳ್ಳಿದರು.

ಪೆರ್ಲಾ ಕಣ್ಣೊರೆಸಿಕೊಂಡು, ಎರಡನೇ ಪಾತ್ರೆಗೆ ನೀರು ತುಂಬಲು ಒಳಗೆ ಹೋದಳು.